ಪದಚರ್ಚೆ: ಬ್ರೌಸರ್ ಆಟದ ‘ಇನ್‌ಪುಟ್’, ‘ಔಟ್‌ಪುಟ್’ಗಳಿಗೆ ಯಾವ ಪದ ಹೊಂದುತ್ತದೆ?

ಮಾನ್ಯರೇ,

ಬ್ರೌಸರ್‌ನಲ್ಲಿ ಆಡುವ ‘2048’ ಎಂಬ ಆಟ ಹೇಗೆ ಕೆಲಸ ಮಾಡುತ್ತದೆಂದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ವಿವರಿಸುವ ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ಗೇಬ್ರಿಯೇಲೆ ಚಿರುಲ್ಲಿ 2014ರಲ್ಲಿ ರಚಿಸಿದ ಈ ಆಟದ ಕೋಡ್ ಚಿಕ್ಕದು, ಎಲ್ಲರೂ ಓದಲು ಮುಕ್ತವಾಗಿಯೂ ಇದೆ. ಇದರ ‘ಇನ್‌ಪುಟ್’ (ಆಡುವವರು ಆಟಕ್ಕೆ ಕೊಡುವುದು), ‘ಔಟ್‌ಪುಟ್’ (ಆಟ ಮರಳಿ ಕೊಡುವುದು) ಇವೆರಡನ್ನೂ ಕನ್ನಡದಲ್ಲಿ ಹೇಳಹೊರಟಾಗ ಎದ್ದ ಸಂದೇಹಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಆಟದ ಮಣೆಯಲ್ಲಿ ನಾಲ್ಕು ಸಾಲು, ಸಾಲಿಗೆ ನಾಲ್ಕು ಮನೆ. ಮನೆಗಳಲ್ಲಿ ಸಂಖ್ಯೆ ಬರೆದ ಬಿಲ್ಲೆಗಳಿರುತ್ತವೆ. ಆಡುವವರು ಸೂಚಿಸಿದ ದಿಕ್ಕಿಗೆ ಅವೆಲ್ಲ ಸರಿಯುತ್ತವೆ, ಒಂದೇ ಸಂಖ್ಯೆಯ ಎರಡು ಬಿಲ್ಲೆಗಳು ತಾಗಿದರೆ ಕೂಡಿ ಒಂದಾಗುತ್ತವೆ. ಆಡುವವರು ಎಡಬಾಣದ ಕೀಲಿಯನ್ನು ಒತ್ತಿದರೆ ಬ್ರೌಸರ್ ಆ ಸಂಗತಿಯನ್ನು ಕೀಲಿಯ ಸಂಖ್ಯೆಯಾದ 37ರೊಂದಿಗೆ ಪ್ರೋಗ್ರಾಮಿಗೆ ತಿಳಿಸುತ್ತದೆ. ಪ್ರೋಗ್ರಾಮು ಅದನ್ನು ತನ್ನ ಪಟ್ಟಿಯಲ್ಲಿ ಹುಡುಕಿ 3 ಎಂಬ ದಿಕ್ಕಿನ ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತದೆ. ಮೇಲಕ್ಕೆ 0, ಬಲಕ್ಕೆ 1, ಕೆಳಕ್ಕೆ 2. ‘ಎ’ ಅಕ್ಷರದ ಕೀಲಿಯನ್ನು ಒತ್ತಿದರೂ, ಮೊಬೈಲಿನ ಪರದೆಯ ಮೇಲೆ ಬೆರಳನ್ನು ಎಡಕ್ಕೆ ಸರಿಸಿದರೂ ಆಟದ ಕೈಸೇರುವುದು ಅದೇ 3. (ಬಾಣದ ಕೀಲಿಗೆ ಪುಟವನ್ನು ಸರಿಸುವ ಕೆಲಸವೂ ಇರುವುದರಿಂದ, ಆಟ ಅದನ್ನು ತಡೆದು ಕೀಲಿಯನ್ನು ತನಗಾಗಿಯೇ ಉಳಿಸಿಕೊಳ್ಳುತ್ತದೆ.) ಹೀಗಿರುವಾಗ ‘ಇನ್‌ಪುಟ್’ ಎನ್ನಬೇಕಾದದ್ದು ಒತ್ತಿದ ಕೀಲಿಗೋ, ಅದರಿಂದ ಹೊರಟ ದಿಕ್ಕಿಗೋ? ಟಿಪ್ಪಣಿಯಲ್ಲಿ ಎರಡಕ್ಕೂ ಬೇರೆಬೇರೆ ಹೆಸರು ಬೇಕಾಗಿದೆ.

‘ಆದಾನ’, ‘ಪ್ರದಾನ’ ಎಂಬ ಜೋಡಿ ಇದೆ. ಆದರೆ ‘ಪ್ರದಾನ’ ಎಂದೊಡನೆ ಓದುಗರಿಗೆ ನೆನಪಾಗುವುದು ಪ್ರಶಸ್ತಿ ಪ್ರದಾನ ಸಮಾರಂಭ. ಮೇಲಾಗಿ ಅಚ್ಚಿನಲ್ಲಿ ಅದು ‘ಪ್ರಧಾನ’ವಾಗಿಬಿಡುವ ಅಪಾಯವೂ ಉಂಟು. ‘ಊಡಿಕೆ’ ನನಗೆ ಮೆಚ್ಚುಗೆಯಾದ ಪದ. ಹಾಲೂಡಿಸು ಎಂಬಲ್ಲಿರುವ ‘ಊಡು’ ಧಾತುವೇ ಇಲ್ಲಿಯೂ ಇರುವುದರಿಂದ ಅರ್ಥ ತಾನಾಗಿ ಹೊಳೆಯುತ್ತದೆ. ಆದರೂ ಕಡತವೊಂದನ್ನು ಯಂತ್ರಕ್ಕೆ ಊಡುವುದು ಒಪ್ಪುವಷ್ಟು, ಕ್ಷಣಮಾತ್ರದ ಕೀಲಿಯೊತ್ತನ್ನು ‘ಊಡಿಕೆ’ ಎನ್ನುವುದು ಒಪ್ಪುತ್ತದೆಯೇ ಎಂಬ ಅನುಮಾನ ಉಳಿದಿದೆ. ಕೆಆರ್‌ಎಸ್ ಜಲಾಶಯದ ಸುದ್ದಿಯಲ್ಲಿ ದಿನವೂ ಓದುವ ‘ಒಳಹರಿವು’, ‘ಹೊರಹರಿವು’ಗಳನ್ನು ಸ್ನೇಹಿತರೊಬ್ಬರು ಸೂಚಿಸಿದರು. ಅಲ್ಲಿ ನೀರು ಎಡೆಬಿಡದೆ ಹರಿಯುತ್ತದೆ. ಇಲ್ಲಿಯದು ಬಿಡಿಬಿಡಿಯಾದ ಒತ್ತುಗಳು, ಒಂದು ಒತ್ತಿಗೂ ಮುಂದಿನದಕ್ಕೂ ನಡುವೆ ಆಟ ಸುಮ್ಮನೆ ಕಾಯುತ್ತಿರುತ್ತದೆ. ಆದುದರಿಂದ ಅದನ್ನು ಕೈಬಿಟ್ಟೆ.

ಹೆಚ್ಚಿನ ತೊಡಕಿರುವುದು ‘ಔಟ್‌ಪುಟ್’ನಲ್ಲಿ. ಒಂದು ಸಾಲಿನಲ್ಲಿ 2, 2, 4 ಇದ್ದು ಕೊನೆಯ ಮನೆ ಖಾಲಿಯಿದೆ ಎನ್ನೋಣ. ಎಡಕ್ಕೆ ಒತ್ತಿದರೆ ಎರಡು 2ಗಳು ಕೂಡಿ ಸಾಲು 4, 4 ಆಗುತ್ತದೆ. ಆಗಷ್ಟೇ ಕೂಡಿದ ಬಿಲ್ಲೆ ಅದೇ ನಡೆಯಲ್ಲಿ ಮತ್ತೆ ಕೂಡಬಾರದೆಂಬ ನಿಯಮವಿರುವುದರಿಂದ 8 ಬರುವುದಿಲ್ಲ. ಇನ್ನೊಮ್ಮೆ ಎಡಕ್ಕೆ ಒತ್ತಿದಾಗ 8 ಬರುತ್ತದೆ. ಒತ್ತಿದ್ದು ಒಂದೇ ಕೀಲಿ, ಬಂದ ಫಲ ಬೇರೆ, ಏಕೆಂದರೆ ಫಲವನ್ನು ನಿರ್ಧರಿಸುವುದು ಕೀಲಿಯಷ್ಟೇ ಅಲ್ಲ, ಆ ಹೊತ್ತಿನಲ್ಲಿ ಮಣೆಯಿದ್ದ ಸ್ಥಿತಿಯೂ ಹೌದು. ಜೊತೆಗೆ ಪ್ರತಿ ನಡೆಯ ನಂತರ ಖಾಲಿ ಮನೆಯೊಂದರಲ್ಲಿ ಹೊಸ ಬಿಲ್ಲೆ ಮೂಡುತ್ತದೆ. ಅದು 2 ಆಗಿರುವ ಸಂಭವ ಶೇ. 90, 4 ಆಗಿರುವ ಸಂಭವ ಶೇ. 10. ಇದನ್ನು ಆಡುವವರು ಕೊಟ್ಟದ್ದೂ ಅಲ್ಲ. ಇನ್ನು ಯಾವ ಬಿಲ್ಲೆಯೂ ಎಡಕ್ಕೆ ಸರಿಯಲಾರದಿದ್ದರೆ ಕೀಲಿ ಒತ್ತಿದರೂ ಹೊಸ ಬಿಲ್ಲೆ ಬರುವುದಿಲ್ಲ, ಪರದೆಯೂ ಬದಲಾಗುವುದಿಲ್ಲ.

ಆಟದ ಕೋಡ್‌ನಲ್ಲಿಯೂ ಕೀಲಿಗಳನ್ನು ನೋಡಿಕೊಳ್ಳುವ ಭಾಗದ ಹೆಸರಿನಲ್ಲಿ ‘ಇನ್‌ಪುಟ್’ ಇದೆ, ಆದರೆ ಪರದೆಯನ್ನು ನೋಡಿಕೊಳ್ಳುವ ಭಾಗದ ಹೆಸರು ‘ಔಟ್‌ಪುಟ್’ ಅಲ್ಲ, ‘ಆ್ಯಕ್ಚುಯೇಟರ್’ (ಕಾರ್ಯಗತಗೊಳಿಸುವಂಥದ್ದು). ಸ್ಥಿತಿ ಬದಲಾದಾಗ ಹಳೆಯ ಬಿಲ್ಲೆಗಳನ್ನೆಲ್ಲ ಅಳಿಸಿ, ಹೊಸದಾಗಿ ಇರಿಸಿ, ಅಂಕವನ್ನು ತಿದ್ದುವುದು ಇದರ ಕೆಲಸ. ನನ್ನ ಮಟ್ಟಿಗೆ ಇದಕ್ಕೆ ‘ತೋರಿಕೆ’ ಸಲ್ಲುತ್ತದೆ, ಆದರೆ ಹುಸಿಯಾದದ್ದು ಎಂಬ ಛಾಯೆಯೂ ಆ ಪದಕ್ಕಿದೆ. ‘ಫಲಿತ’ ಎಂದರೆ ಪರೀಕ್ಷೆಯ ಫಲಿತಾಂಶದ ಕಡೆಗೆ ವಾಲುತ್ತದೆ.

ಸದ್ಯಕ್ಕೆ ಒತ್ತಿದ ಕೀಲಿಗೆ ‘ಒತ್ತು’, ಅದರಿಂದ ಆಟ ಪಡೆದ ದಿಕ್ಕಿಗೆ ‘ಊಡಿಕೆ’, ಪರದೆಯ ಮೇಲಿನ ಬದಲಾವಣೆಗೆ ‘ತೋರಿಕೆ’ ಎಂದು ಬರೆದಿಟ್ಟಿದ್ದೇನೆ. ‘ಒತ್ತು ಕೊಡು’ ಎಂಬ ನುಡಿಗಟ್ಟಿನ ಅರ್ಥ ಇಲ್ಲಿ ಅಡ್ಡ ಬರುವುದೇ? ‘ತೋರಿಕೆ’ಯ ಬದಲು, ‘ಕಾಣಿಕೆ’ ಎಂದೊಡನೆ ಉಡುಗೊರೆ ನೆನಪಾಗುವಂತೆ ಬೇರೆ ಅರ್ಥಕ್ಕೆ ಎಳೆಯದ, ನಾಮಪದವಾಗಿ ನಿಲ್ಲಬಲ್ಲ ರೂಪ ಬಳಕೆಯಲ್ಲಿದೆಯೇ? ತರಗತಿಯಲ್ಲಿ ಕಂಪ್ಯೂಟರ್ ವಿಷಯವನ್ನು ಕನ್ನಡದಲ್ಲಿಯೇ ಬೋಧಿಸುವವರು ತಾವು ಬಳಸುವ ವಾಕ್ಯವನ್ನೇ ಇದ್ದಂತೆ ಬರೆದು ಕಳುಹಿಸಿದರೆ ಉಪಕಾರವಾಗುತ್ತದೆ.