ಕ್ಲಚ್ ಪೆಡಲ್ ಕಲ್ಲಿನಂತಾಗಿದೆ, ಕ್ಲಚ್ ಸೆಟ್ ಹೋಗಿದೆ ಅಂತಾರೆ. ನಿಜವಾ?

ಘಾಟಿಸವಾರ:
ಎಲ್ಲರಿಗೂ ನಮಸ್ಕಾರ. ನನ್ನದು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 94,000 ಕಿಲೋಮೀಟರ್ ಓಡಿದೆ. ಮನೆ ತೀರ್ಥಹಳ್ಳಿ, ಕೆಲಸದ ಮೇಲೆ ವಾರಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬರುತ್ತೇನೆ. ಈ ಮಳೆಗಾಲದಲ್ಲಿ ಎರಡು ತಿಂಗಳು ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಹೊರಗೆ ತೆಗೆದಾಗಿನಿಂದ ಕ್ಲಚ್ ತುಂಬಾ ಹಾರ್ಡ್. ಘಾಟಿ ಹತ್ತಿ ಮುಗಿಯುವಷ್ಟರಲ್ಲಿ ಎಡ ಮಂಡಿ ಹಿಡಿದುಕೊಂಡಿರುತ್ತದೆ. ಕಾಲು ತೆಗೆದರೂ ಪೆಡಲ್ ತಕ್ಷಣ ಮೇಲೆ ಬರುವುದಿಲ್ಲ, ನಿದ್ದೆಯಿಂದ ಎದ್ದವರ ಥರ ನಿಧಾನಕ್ಕೆ ಏಳುತ್ತದೆ. ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ ‘ಕ್ಲಚ್ ಸೆಟ್ ಹೋಗಿದೆ, ಹಾಕಿಸಿಬಿಡಿ’ ಅಂದರು. ಹಾಕಿಸಲೋ ಬೇಡವೋ?

ಕೆಸರುಗಾಲ:
ಕೇಬಲ್ ಒಳಗೆ ಎಣ್ಣೆ ಬಿಡಿ, ಸರಿಯಾಗುತ್ತೆ. ನನ್ನ ಹಳೆ ಬೈಕಿಗೆ ಹಾಗೇ ಮಾಡ್ತಿದ್ದೆ.

ಹಳೇಸ್ಪ್ಯಾನರ್:
ಸ್ವಲ್ಪ ತಡೀರಿ. ಈಗಿನ ಕಾರುಗಳ ಎಷ್ಟೋ ಕೇಬಲ್‌ಗಳ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. ಅದಕ್ಕೆ ಸಿಕ್ಕಿದ ಎಣ್ಣೆ, ಗ್ರೀಸ್ ಬಿಟ್ಟರೆ ಪದರ ಉಬ್ಬಿ ಇನ್ನೂ ಬಿಗಿಯಾಗಬಹುದು.

ಸವಾರರೇ, ಎರಡು ಪ್ರಶ್ನೆ. ನಿಮ್ಮದು ತಂತಿ ಎಳೆಯುವ ಕೇಬಲ್ ಕ್ಲಚ್ಚೋ, ದ್ರವದ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ಕೋ? ಮತ್ತೆ, ಕ್ಲಚ್ ಜಾರುತ್ತಿದೆಯಾ? ಅಂದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮಾತ್ರ ಕೂಗಿ ಗಾಡಿ ಹಿಂದೆಯೇ ಉಳಿಯುತ್ತದಾ?

ಘಾಟಿಸವಾರ:
ಕೇಬಲ್. ಜಾರುವುದಿಲ್ಲ, ಘಾಟಿಯಲ್ಲೂ ಎಳೆತ ಮೊದಲಿನಂತೆಯೇ ಇದೆ. ಸುಟ್ಟ ವಾಸನೆಯೂ ಇಲ್ಲ.

ಹಳೇಸ್ಪ್ಯಾನರ್:
ಹಾಗಾದರೆ ದುಡ್ಡು ಕೊಡಲು ಅವಸರ ಬೇಡ. ಎಂಜಿನ್ನಿನ ಬಲವನ್ನು ಗೇರ್ ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ ಸವೆದರೂ ಪೆಡಲ್ ಹಾರ್ಡ್ ಆಗುತ್ತದೆ, ಅದು ನಿಜ. ಪ್ಲೇಟ್ ತೆಳುವಾದಷ್ಟೂ ಅದನ್ನು ಅದುಮಿ ಹಿಡಿಯುವ ಪ್ರೆಶರ್ ಪ್ಲೇಟ್ ಎಂಜಿನ್ ಕಡೆಯ ಫ್ಲೈವೀಲ್‌ನತ್ತ ಸರಿಯುತ್ತದೆ, ಅದುಮುವ ಬಲ ಕೊಡುವ ಡಯಾಫ್ರಾಮ್ ಸ್ಪ್ರಿಂಗಿನ ಬೆರಳುಗಳು ಹೊರಕ್ಕೆ ಏಳುತ್ತವೆ, ಅವನ್ನು ಒತ್ತಲು ಜಾಸ್ತಿ ಬಲ ಬೇಕು. ಆದರೆ ಅದು ವರ್ಷಗಟ್ಟಲೆ ನಿಧಾನಕ್ಕೆ ಆಗುವ ಕೆಲಸ. ಶೆಡ್ಡಿನಲ್ಲಿ ಸುಮ್ನೆ ನಿಂತ ಗಾಡಿಯ ಪ್ಲೇಟ್ ಸವೆಯುತ್ತಾ? ನಿಂತ ಗಾಡಿಗೆ ಹಿಡಿಯುವುದು ತುಕ್ಕು.

ತುಕ್ಕು ಎಲ್ಲಿದೆ ಅಂತ ಹೀಗೆ ನೋಡಿ. ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಗೇರ್ ಬಾಕ್ಸ್ ಮೇಲಿನ ಕ್ಲಚ್ ಲಿವರ್‌ಗೆ ಕೇಬಲ್ ಸೇರುವ ಕಡೆ ಅಡ್ಜಸ್ಟರ್ ನಟ್ ಇರುತ್ತದೆ. ಬಿಚ್ಚುವ ಮೊದಲು ನಟ್ಟಿನಾಚೆ ತಿರುಪಿನ ಎಷ್ಟು ಎಳೆ (ಥ್ರೆಡ್) ಕಾಣುತ್ತದೆ ಅಂತ ಎಣಿಸಿ, ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ಆಮೇಲೆ ಕೇಬಲ್ ಕಳಚಿ ಪೆಡಲನ್ನು ಕೈಯಲ್ಲಿ ಒತ್ತಿ. ಈಗಲೂ ಬಿಗಿ ಇದ್ದರೆ ತಪ್ಪು ಕೇಬಲ್‌ನದು ಅಥವಾ ಪೆಡಲ್ ಬುಡದ ಬುಷ್‌ನದು (ತಿರುಗುವ ಭಾಗ ಕೂರುವ ಬಳೆ). ಹಗುರಾದರೆ ತಪ್ಪು ಆ ಕಡೆ, ಗೇರ್ ಬಾಕ್ಸ್ ಒಳಗೆ. ಲಿವರನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿ. ಫ್ರೀ ಪ್ಲೇ, ಅಂದರೆ ಶುರುವಿನಲ್ಲಿ ಸ್ವಲ್ಪ ಸಡಿಲ, ಇರುವ ಗಾಡಿಯಲ್ಲಿ ಸ್ಪ್ರಿಂಗನ್ನು ಒತ್ತುವ ರಿಲೀಸ್ ಬೇರಿಂಗ್ ಅದಕ್ಕೆ ತಾಗುವವರೆಗೆ ಅದು ಸಲೀಸಾಗಿ ಆಡಬೇಕು.

ಡಾಟ್‌ಫೋರ್:
ನಡುವೆ ಬಾಯಿ ಹಾಕ್ತೀನಿ. ಹೈಡ್ರಾಲಿಕ್ ಇರುವವರು ಇದನ್ನೇ ಮಾಡಲು ಹೋಗಬೇಡಿ. ಇನ್ನೊಂದು, ಪೆಡಲ್ ಹಾರ್ಡ್ ಇದ್ದರೆ ಕೆಲವರು ‘ಏರ್ ಹಿಡಿದಿದೆ’ ಅಂತಾರೆ. ಏರ್ ಹಿಡಿದರೆ ಪೆಡಲ್ ಮೆತ್ತಗಾಗುತ್ತೆ, ಹಾರ್ಡ್ ಆಗಲ್ಲ. ನಿಧಾನಕ್ಕೆ ಏಳುತ್ತಿದ್ದರೆ ಸಿಲಿಂಡರಿನ ಸೀಲ್ ಉಬ್ಬಿದೆಯಾ, ಒಳಗೆ ಊದಿ ಹೋಸ್ ಕಟ್ಟಿದೆಯಾ ನೋಡಿಸಿ. ಬ್ರೇಕ್ ಫ್ಲೂಯಿಡ್ ಜಾಗಕ್ಕೆ ಯಾರೋ ಬೇರೆ ಎಣ್ಣೆ ಸುರಿದರೂ ಹೀಗಾಗುತ್ತೆ.

ಘಾಟಿಸವಾರ:
ಭಾನುವಾರ ಬೆಳಿಗ್ಗೆ ಕೂತು ಮಾಡಿದೆ ಮಾರಾಯ್ರೆ. ಕೇಬಲ್ ಕಳಚಿದ ತಕ್ಷಣ ಪೆಡಲ್ ಧೊಪ್ಪನೆ ನೆಲಕ್ಕೆ ಬಿತ್ತು, ಒಂದು ಬೆರಳಲ್ಲಿ ಎತ್ತಬಹುದು. ಕೇಬಲ್ ಒಳಗಿನ ತಂತಿಯೂ ಸಲೀಸಾಗಿ ಜಾರುತ್ತಿದೆ. ಲಿವರ್ ಮಾತ್ರ ಅಲ್ಲಾಡಲಿಲ್ಲ. ಎರಡೂ ಕೈ ಹಾಕಿ ಎಳೆದಾಗ ಕಿರ್ರ್ ಅಂತ ಬಂತು, ಬಂದಲ್ಲೇ ನಿಂತಿತು. ವಾಪಸ್ ನಾನೇ ತಳ್ಳಬೇಕಾಯಿತು. ಲಿವರಿನ ಶಾಫ್ಟ್ ಗೇರ್ ಬಾಕ್ಸ್ ಒಳಗೆ ಇಳಿಯುವ ಜಾಗದಲ್ಲಿ ಕೆಂಪು ಪುಡಿ ಕೂತಿದೆ, ಬೆರಳಿಗೆ ಅಂಟಿತು.

ಹಳೇಸ್ಪ್ಯಾನರ್:
ಸಿಕ್ಕಿತಲ್ಲ. ಫೋರ್ಕ್ ಶಾಫ್ಟ್, ಅಂದರೆ ಲಿವರ್ ತಿರುಗಿಸಿ ಬೇರಿಂಗನ್ನು ತಳ್ಳುವ ಆ ಕಡ್ಡಿ, ಬುಷ್‌ನಲ್ಲಿ ಹಿಡಿದಿದೆ. ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಮೇಲಿನ ಬುಷ್‌ಗೆ ಬಿಟ್ಟು, ಲಿವರನ್ನು ಹಿಂದೆ ಮುಂದೆ ಆಡಿಸಿ. ಎರಡೇ ಹನಿ. ಜಾಸ್ತಿ ಸುರಿದರೆ ಒಳಗಿಳಿದು ಪ್ಲೇಟಿಗೆ ತಾಗಿ, ಆಗ ಕ್ಲಚ್ ನಿಜವಾಗಿಯೂ ಹೋಗುತ್ತದೆ. ಇದರಿಂದ ಕೆಲವು ದಿನ ತಳ್ಳಬಹುದು ಅಷ್ಟೇ. ಕೆಳಗಿನ ಬುಷ್ ಕೈಗೆ ಸಿಗಲ್ಲ, ಒಂದಲ್ಲ ಒಂದು ದಿನ ಗೇರ್ ಬಾಕ್ಸ್ ಇಳಿಸಲೇಬೇಕು.

ಇಳಿಸಿದ ದಿನ ನೀವು ಪಕ್ಕದಲ್ಲೇ ನಿಂತಿರಿ. ಬುಷ್, ರಿಲೀಸ್ ಬೇರಿಂಗ್ ಕಣ್ಣುಮುಚ್ಚಿ ಹೊಸದು ಹಾಕಿಸಿ, ಬೇರಿಂಗ್‌ಗೋಸ್ಕರ ಇನ್ನೊಮ್ಮೆ ಕೂಲಿ ಕೊಡುವುದು ದಡ್ಡತನ. ಪ್ಲೇಟನ್ನು ಅಳೆದು ನೋಡಿ. ರಿವೆಟ್ ತಲೆಯ ಮೇಲೆ ಲೈನಿಂಗ್ (ಪ್ಲೇಟಿನ ಸವೆಯುವ ಪದರ) 0.3ರಿಂದ 0.5 ಮಿ.ಮೀ.ಗೆ ಇಳಿದಿದ್ದರೆ ಸೆಟ್ ಬದಲಿಸಿ. ಹೌಸಿಂಗಿನ ಕಪ್ಪು ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಲಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಘಾಟಿಸವಾರ:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಣ್ಣೆ ಬಿಟ್ಟ ಮೇಲೆ ಹತ್ತು ದಿನ ಚೆನ್ನಾಗಿತ್ತು, ಎರಡು ಮಳೆ ಬಂದದ್ದೇ ಮತ್ತೆ ಅದೇ ಕಥೆ. ಬೇರೆ ಗ್ಯಾರೇಜಿನಲ್ಲಿ ಇಳಿಸಿದೆವು. ಶಾಫ್ಟ್ ಹೊರಗೆ ತೆಗೆಯಲು ಸುತ್ತಿಗೆ ಏಟೇ ಬೇಕಾಯಿತು. ಪ್ಲೇಟಿನಲ್ಲಿ ರಿವೆಟ್ ಮೇಲೆ ಇನ್ನೂ 1 ಮಿ.ಮೀ. ಹತ್ತಿರ ಇದೆ, ಅದನ್ನೇ ಉಳಿಸಿಕೊಂಡೆ. ಶಾಫ್ಟ್ ಉಜ್ಜಿ ಗ್ರೀಸ್ ಹಾಕಿ, ಬುಷ್, ಬೇರಿಂಗ್ ಹೊಸದು ಹಾಕಿಸಿದೆ. ಈಗ ಚಪ್ಪಲಿ ಕಾಲಲ್ಲೇ ಒತ್ತಬಹುದು. ಆದರೆ ಪೆಡಲ್ ತೀರಾ ಕೆಳಗೇ ಹಿಡಿಯುತ್ತಿದೆ, ರಿವರ್ಸ್ ಹಾಕುವಾಗ ಕರ್ ಅನ್ನುತ್ತದೆ.

ಹಳೇಸ್ಪ್ಯಾನರ್:
ಅಡ್ಜಸ್ಟರ್ ಹಳೇ ಜಾಗಕ್ಕೆ ಬಂದಿದೆಯಾ? ಫೋಟೊ ತೆಗೆದಿದ್ರಲ್ಲ?

ಘಾಟಿಸವಾರ:
ಅಯ್ಯೋ, ನೋಡಿದೆ. ಫೋಟೊದಲ್ಲಿ ಒಂಬತ್ತು ಎಳೆ, ಈಗ ಆರೇ ಇದೆ, ಅಂದರೆ ಕೇಬಲ್ ಸಡಿಲ. 10 ನಂಬರ್ ಸ್ಪ್ಯಾನರ್ ಹುಡುಕ್ತಾ ಇದೀನಿ.