ಸಹಾಯ ಬೇಕು: ಅಪ್ಪನ ಹಳೇ ಸೈಕಲ್, ರಾಯಚೂರು

ಎಲ್ಲರಿಗೂ ನಮಸ್ಕಾರ. ಅಪ್ಪನ 28 ಇಂಚು ಗಾಲಿಯ ಅಟ್ಲಾಸ್ ಸೈಕಲ್ ಐದು ವರ್ಷದಿಂದ ಹಿತ್ತಲಲ್ಲೇ ನಿಂತಿತ್ತು. ಅಪ್ಪ ಈಗ ಇಲ್ಲ. ಅದನ್ನು ಮತ್ತೆ ಓಡಿಸಬೇಕು ಅಂತ ತುಂಬಾ ಆಸೆ.

ನಮ್ಮೂರ ಬಿಸಿಲಿಗೆ ಟೈರು, ಟ್ಯೂಬು ಬಿರುಕು ಬಿಟ್ಟಿದ್ದವು. ನಾನೇ ಬದಲಾಯಿಸಿದೆ. ಚೈನನ್ನೂ ತೊಳೆದು ಎಣ್ಣೆ ಬಿಟ್ಟೆ.

ತೊಂದರೆ ಇರುವುದು ಪೆಡಲ್ ಹತ್ತಿರ. ತುಳಿದಾಗ ಪ್ರತಿ ಸುತ್ತಿಗೂ ಎಡಗಡೆ ಕಟಕ್ ಅನ್ನುತ್ತದೆ, ಪೆಡಲ್ ಕೂತಿರುವ ಕಬ್ಬಿಣದ ತೋಳು, ಅಂದರೆ ಕ್ರ್ಯಾಂಕ್, ಅಲ್ಲಾಡುತ್ತದೆ. ಕ್ರ್ಯಾಂಕನ್ನು ನಡುವಿನ ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಸವೆದಿರಬೇಕು. ನಟ್ಟು ಬಿಚ್ಚಿದೆ, ಆದರೆ ಪಿನ್ ಜಂಗು ಹಿಡಿದು ಕೂತುಬಿಟ್ಟಿದೆ. ಸುಮ್ನೆ ಸುತ್ತಿಗೆಯಿಂದ ಹೊಡೆದರೆ ಪಿನ್ನಿನ ತುದಿ ಬಾಗುತ್ತದೆ, ಒಳಗಿನ ಬೇರಿಂಗ್ ಬಾಲ್ಸಿಗೂ ಪೆಟ್ಟು ಬೀಳುತ್ತದೆ ಅಲ್ವಾ? ಅದಕ್ಕೇ ಅಲ್ಲಿಗೇ ನಿಲ್ಲಿಸಿದೆ. ಕ್ರ್ಯಾಂಕ್ ಕೆಳಗೆ ಕಬ್ಬಿಣದ ಪೈಪ್ ಆಸರೆ ಕೊಟ್ಟು ಹೊಡೆಯಬೇಕು ಅಂತಾರೆ. ಯಾರಾದರೂ ಮಾಡಿ ನೋಡಿದ್ದೀರಾ?

ಒಂದು ಅಂಗಡಿಯಲ್ಲಿ ಸರಿಯಾಗಿ ನೋಡದೆಯೇ "ಗುಜರಿಗೆ ಹಾಕಿ, ಹೊಸದು ತಗೊಳ್ಳಿ" ಅಂದರು. ಬಹಳ ಬೇಜಾರಾಯಿತು. ಪಿನ್ ಒಂದು ಬದಲಾದರೆ ಓಡುವ ಗಾಡಿ ಅದು.

ತೀನ್ ಕಂದೀಲ್ ಅಥವಾ ಸ್ಟೇಷನ್ ರಸ್ತೆ ಕಡೆ ಹಳೇ ಸೈಕಲ್ ಬಿಚ್ಚಿ ಕಟ್ಟುವ ಮಿಸ್ತ್ರಿ ಯಾರಾದರೂ ಇದ್ದರೆ ತಿಳಿಸಿ. ಕೂಲಿ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ, ಪಕ್ಕದಲ್ಲಿ ನಿಂತು ಕಲಿಯಲು ಬಿಟ್ಟರೆ ಸಾಕು. ರಾಡ್ ಬ್ರೇಕಿನ ರಬ್ಬರ್ ಎಲ್ಲಿ ಸಿಗುತ್ತದೆ ಅಂತಲೂ ಹೇಳಿ.