ಪದಚರ್ಚೆ: ‘ಬೋಲ್ಡ್‌ನೆಸ್’ಗೆ ಹೊಗಳಿಕೆಯೂ ಅಲ್ಲದ, ಬೈಗುಳವೂ ಅಲ್ಲದ ಪದ ಬೇಕು

ಎಲ್ಲರಿಗೂ ನಮಸ್ಕಾರ,

ಶಿವಮೊಗ್ಗದಲ್ಲಿ ಮನಃಶಾಸ್ತ್ರ ಓದುತ್ತಿರುವ ನೆಂಟರ ಹುಡುಗಿಗೆ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರಲು ನೆರವಾಗುತ್ತಿದ್ದೇನೆ. ಸೈಕೋಪತಿಯ (ಕನಿಕರ, ಪಶ್ಚಾತ್ತಾಪ ಕಮ್ಮಿ ಇರುವ ಒಂದು ಬಗೆಯ ವ್ಯಕ್ತಿತ್ವ) ಗುಣಗಳು ಒಬ್ಬರಲ್ಲಿ ಎಷ್ಟಿವೆ ಅಂತ ಅವರ ಕೈಯಲ್ಲೇ ಬರೆಸಿ ಅಳೆಯುವಂಥದ್ದು. ಹೆಸರು ಟ್ರೈಪಿಎಂ, ಕ್ರಿಸ್ಟೋಫರ್ ಪ್ಯಾಟ್ರಿಕ್ 2010ರಲ್ಲಿ ರೂಪಿಸಿದ್ದು, ಒಟ್ಟು 58 ಹೇಳಿಕೆಗಳು. ನೋಡುವುದು ಮೂರು ಗುಣ: ಬೋಲ್ಡ್‌ನೆಸ್, ಮೀನ್‌ನೆಸ್, ಡಿಸ್‌ಇನ್ಹಿಬಿಷನ್. ಕೊನೆಯದಕ್ಕೆ ‘ದುಡುಕು’ ಸುಮಾರಾಗಿ ಒಗ್ಗುತ್ತದೆ. ಮೀನ್‌ನೆಸ್‌ಗೆ ಸದ್ಯಕ್ಕೆ ‘ಕನಿಕರ ಇಲ್ಲದಿರುವುದು’ ಅಂತ ಇಟ್ಟಿದ್ದೇವೆ. ಗಾಡಿ ನಿಂತಿರುವುದು ಬೋಲ್ಡ್‌ನೆಸ್ ಹತ್ತಿರ.

‘ಧೈರ್ಯ’, ‘ಎದೆಗಾರಿಕೆ’ ಅಂದರೆ ಹೊಗಳಿದ ಹಾಗೆ. ಗಟ್ಟಿಗಿತ್ತಿ ಅನ್ನಿಸಿಕೊಳ್ಳೋದು ಯಾರಿಗೆ ಬೇಡ? ಎಲ್ಲರೂ ‘ನಿಜ’ಕ್ಕೇ ಗುರುತು ಹಾಕುತ್ತಾರೆ. ‘ಭಂಡಧೈರ್ಯ’ ಅಂದರೆ ಬೈಗುಳ, ಯಾರೂ ಒಪ್ಪಲ್ಲ. ಆಗ ನಾವು ಅಳೆದದ್ದು ಗುಣವನ್ನಲ್ಲ, ಜನ ಒಳ್ಳೆಯವರಾಗಿ ಕಾಣಿಸಿಕೊಳ್ಳುವ ಆಸೆಯನ್ನು. ಗುಣದ ಹೆಸರು ಹಾಳೆಯಲ್ಲಿ ಅಚ್ಚಾಗಬೇಕಿಲ್ಲ, ನಿಜ, ಆದರೆ ತಲೆಯಲ್ಲಿ ಯಾವ ಪದ ಕೂತಿದೆಯೋ ಅದರ ಬಣ್ಣ ಆ ಗುಣದ 19 ಹೇಳಿಕೆಗಳಿಗೂ ಹತ್ತುತ್ತದೆ. ಅಲ್ಲಿ ಕೇಳುವುದು ಒತ್ತಡದಲ್ಲಿ ತಣ್ಣಗಿರುವುದು, ನಾಲ್ಕು ಜನರ ಮುಂದೆ ಹಿಂಜರಿಯದಿರುವುದು, ಅಪಾಯ ಅಂದರೆ ಹುರುಪು, ಇಂಥವು. ಬೋಲ್ಡ್‌ನೆಸ್ ಸೈಕೋಪತಿಯ ಭಾಗವೇ ಅಲ್ಲ ಅಂತ ವಾದಿಸುವ ಸಂಶೋಧಕರೂ ಇದ್ದಾರೆ, ಹಾಗಾಗಿ ಪದ ಯಾವ ಕಡೆಗೂ ವಾಲಬಾರದು.

ಸೈಕೋಪತಿ ಅಳೆಯುವ ಇನ್ನೊಂದು ಪಟ್ಟಿ, ಮನಃಶಾಸ್ತ್ರಜ್ಞ ರಾಬರ್ಟ್ ಹೇರ್ ಅವರ ಪಿಸಿಎಲ್-ಆರ್‌ನಲ್ಲಿ ಈ ತಲೆನೋವು ಕಮ್ಮಿ. ಅಲ್ಲಿ ತರಬೇತಿ ಪಡೆದವರೇ ಮಾತಾಡಿಸಿ, ಕಡತ ನೋಡಿ, 20 ಅಂಶಗಳಿಗೆ 0, 1, 2 ಅಂತ ಅಂಕ ಕೊಡುತ್ತಾರೆ. ಇಲ್ಲಿ ಓದುವವರ ಮುಂದೆ ಇರುವುದು ಪದ ಮಾತ್ರ.

ಇನ್ನೊಂದು ಪೇಚಾಟ. ಉತ್ತರ ನಾಲ್ಕೇ: ನಿಜ, ಸ್ವಲ್ಪ ನಿಜ, ಸ್ವಲ್ಪ ಸುಳ್ಳು, ಸುಳ್ಳು. ನಡುವೆ ಜಾಗ ಇಲ್ಲ, ಬೇಕಂತಲೇ. ತೀರ್ಥಹಳ್ಳಿ ಕಡೆ ಕೆಲವರಿಗೆ ಕರಡು ಕೊಟ್ಟೆವು. ಒಬ್ಬರು ಉತ್ತರದ ಮನೆಗಳ (ಚೌಕಗಳ) ನಡುವಿನ ಗೆರೆಯ ಮೇಲೆ ಪೆನ್ಸಿಲ್‌ನಲ್ಲಿ ‘ಅಡ್ಡಿಲ್ಲ’ ಅಂತ ಬರೆದಿದ್ದಾರೆ! ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅದು ಹೌದೂ ಆಗಬಹುದು, ಸುಮ್ನೆ ಬಿಡಿ ಅನ್ನೋದೂ ಆಗಬಹುದು. ‘ಬೇರೆಯವರ ಕಷ್ಟ ನನಗೆ ತಟ್ಟುವುದಿಲ್ಲ’ ಅನ್ನುವಂಥ ಹೇಳಿಕೆಗೆ ‘ಸುಳ್ಳು’ ಅನ್ನುವಾಗ ಜಾಸ್ತಿ ಜನ ತಡವರಿಸಿದರು. ಬಾಯಲ್ಲಿ ಕೇಳಿದರೆ ‘ಹೂಂ, ಇಲ್ಲ’ ಅಂತಾರೆ, ಅದನ್ನು ಯಾವ ಮನೆಗೆ ಹಾಕೋದು?

ನನ್ನ ಓಟು ‘ಅಳುಕಿಲ್ಲದಿರುವುದು’ಗೆ. ನಮ್ಮ ಕಡೆ ಅದರಲ್ಲಿ ಶಹಭಾಸ್‌ಗಿರಿಯೂ ಇಲ್ಲ, ಮೂದಲಿಕೆಯೂ ಇಲ್ಲ. ಆದರೆ ಕಲಬುರಗಿ, ಬಳ್ಳಾರಿ, ಮೈಸೂರು ಕಡೆ ‘ಅಳುಕು’ ದಿನಬಳಕೆಯ ಮಾತೇ, ಅಥವಾ ಪುಸ್ತಕದ್ದು ಅನ್ನಿಸುತ್ತದಾ? ಇದಕ್ಕಿಂತ ಸಲೀಸಾದದ್ದು ನಿಮ್ಮಲ್ಲಿದ್ದರೆ, ಯಾವ ಊರಿನ ಬಳಕೆ ಅಂತ ಸೇರಿಸಿಯೇ ತಿಳಿಸಿ.